ಗ್ರಾಮೀಣ ಮನೆಗಳಿಗೆ ಚಾವಣಿ ಸೌರ ವಿದ್ಯುತ್ ಘಟಕ: ವೆಚ್ಚ, ಸಹಾಯಧನ ಮತ್ತು ಉಳಿತಾಯದ ಲೆಕ್ಕ

ಪೀಠಿಕೆ

ಮನೆಯ ಚಾವಣಿಯ ಮೇಲೆ ಸೌರ ಫಲಕಗಳನ್ನು ಅಳವಡಿಸಿ ವಿದ್ಯುತ್ ಉತ್ಪಾದಿಸುವ ಪದ್ಧತಿಯು ಪಟ್ಟಣಗಳಿಂದ ಹಳ್ಳಿಗಳಿಗೂ ಹರಡುತ್ತಿದೆ. ಕೇಂದ್ರ ಸರ್ಕಾರವು 2024ರ ಫೆಬ್ರುವರಿಯಲ್ಲಿ ಆರಂಭಿಸಿದ ‘ಪಿಎಂ ಸೂರ್ಯಘರ್: ಮುಫ್ತ್ ಬಿಜ್ಲಿ ಯೋಜನೆ’ಯಡಿ ಒಂದು ಕೋಟಿ ಮನೆಗಳಿಗೆ ಈ ಘಟಕಗಳನ್ನು ಒದಗಿಸುವ ಗುರಿ ಇದೆ. ಇದರಿಂದಾಗಿ ರೈತ ಕುಟುಂಬಗಳಲ್ಲಿ ಆಸಕ್ತಿ ಮೂಡಿದ್ದು, ‘ಒಂದು ಕಿಲೋವ್ಯಾಟಿಗೆ ಎಷ್ಟು ಖರ್ಚು ಬರುತ್ತದೆ?’ ಎಂಬ ಪ್ರಶ್ನೆ ಸಾಮಾನ್ಯವಾಗಿ ಮೊದಲು ಕೇಳಿಬರುತ್ತದೆ.

ಆದರೆ ಹಾಕಿದ ಹಣ ಮರಳಿ ಬರುವುದು ಘಟಕದ ಬೆಲೆಯೊಂದನ್ನೇ ಅವಲಂಬಿಸಿಲ್ಲ. ಕುಟುಂಬವು ಈಗ ಕಟ್ಟುತ್ತಿರುವ ವಿದ್ಯುತ್ ಬಿಲ್ಲು, ಮನೆಗೆ ಹಗಲಿನಲ್ಲಿ ದೊರೆಯುವ ವಿದ್ಯುತ್ತಿನ ಸ್ಥಿತಿ ಹಾಗೂ ಚಾವಣಿಯ ಸ್ವರೂಪ ಇವು ಮೂರೂ ಅಷ್ಟೇ ಮುಖ್ಯ. ಈ ಮೂರನ್ನು ನೋಡದೆ ಸಾಲ ಮಾಡಿ ಘಟಕ ಹಾಕಿಸಿದರೆ ಕಂತು ಉಳಿಯುತ್ತದೆಯೇ ಹೊರತು ಉಳಿತಾಯ ಉಳಿಯುವುದಿಲ್ಲ. ಆದ್ದರಿಂದ ರೈತ ಬಾಂಧವರು ತೀರ್ಮಾನ ಕೈಗೊಳ್ಳುವ ಮೊದಲು ಗಮನಿಸಬೇಕಾದ ಅಂಶಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಘಟಕದ ಬಗೆಗಳು

1. ಆನ್‌ಗ್ರಿಡ್ ಘಟಕ: ಇದರಲ್ಲಿ ಬ್ಯಾಟರಿ ಇರುವುದಿಲ್ಲ. ಹಗಲಿನಲ್ಲಿ ಉತ್ಪಾದನೆಯಾದ ವಿದ್ಯುತ್ ಮನೆಯ ಬಳಕೆಗೆ ಹೋಗಿ, ಮಿಕ್ಕದ್ದು ವಿದ್ಯುತ್ ಜಾಲಕ್ಕೆ ಸೇರುತ್ತದೆ. ರಾತ್ರಿ ಜಾಲದಿಂದ ವಿದ್ಯುತ್ ಪಡೆಯಲಾಗುತ್ತದೆ. ಒಳಬಂದ ಮತ್ತು ಹೊರಹೋದ ಯೂನಿಟ್‌ಗಳೆರಡನ್ನೂ ನೆಟ್ ಮೀಟರ್ ದಾಖಲಿಸುತ್ತದೆ. ಬೆಲೆ ಕಡಿಮೆ, ನಿರ್ವಹಣೆ ಸುಲಭ.

2. ಆಫ್‌ಗ್ರಿಡ್ ಘಟಕ: ಇದು ಜಾಲದ ಸಂಪರ್ಕವಿಲ್ಲದೆ ಬ್ಯಾಟರಿಯ ನೆರವಿನಿಂದ ಕೆಲಸ ಮಾಡುತ್ತದೆ. ವಿದ್ಯುತ್ ಸಂಪರ್ಕವೇ ಇಲ್ಲದ ಮನೆಗಳಿಗೆ ಇದು ಸೂಕ್ತ. ಸೂರ್ಯಘರ್ ಯೋಜನೆಯ ಸಹಾಯಧನ ಇದಕ್ಕೆ ದೊರೆಯುವುದಿಲ್ಲ.

3. ಹೈಬ್ರಿಡ್ ಘಟಕ: ಜಾಲದ ಸಂಪರ್ಕವೂ ಬ್ಯಾಟರಿಯೂ ಇರುತ್ತವೆ. ಕರೆಂಟು ಹೋದಾಗ ಆಯ್ದ ದೀಪ, ಫ್ಯಾನು, ಫ್ರಿಜ್‌ಗಳನ್ನು ನಡೆಸಬಹುದು. ಬ್ಯಾಟರಿಯ ವೆಚ್ಚವನ್ನು ಕುಟುಂಬವೇ ಭರಿಸಬೇಕಾಗುತ್ತದೆ.

ಮುಖ್ಯ ಸೂಚನೆ: ಕರೆಂಟು ಹೋದಾಗ ಆನ್‌ಗ್ರಿಡ್ ಘಟಕವೂ ನಿಲ್ಲುತ್ತದೆ. ಬಿಸಿಲು ಎಷ್ಟೇ ಇದ್ದರೂ ಮನೆಗೆ ವಿದ್ಯುತ್ ಬರುವುದಿಲ್ಲ. ತಂತಿ ದುರಸ್ತಿಗೆ ಕಂಬ ಹತ್ತಿರುವ ಲೈನ್‌ಮನ್‌ಗೆ ನಮ್ಮ ಮನೆಯ ಕಡೆಯಿಂದ ವಿದ್ಯುತ್ ಹರಿದು ಅಪಾಯವಾಗದಿರಲೆಂದು ಇನ್ವರ್ಟರ್‌ನಲ್ಲಿ ಈ ವ್ಯವಸ್ಥೆಯನ್ನು ಕಡ್ಡಾಯವಾಗಿ ಮಾಡಲಾಗಿರುತ್ತದೆ. ‘ಸೋಲಾರ್ ಹಾಕಿಸಿದರೆ ಕರೆಂಟು ಹೋಗುವುದೇ ಇಲ್ಲ’ ಎಂಬ ನಂಬಿಕೆಯಿಂದ ಆನ್‌ಗ್ರಿಡ್ ಘಟಕ ಕೊಂಡವರು ನಿರಾಶರಾಗುವುದು ಇದೇ ಕಾರಣಕ್ಕೆ.

ಮೊದಲು ಬಿಲ್ಲನ್ನು ನೋಡಿರಿ

ಕರ್ನಾಟಕದಲ್ಲಿ 2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಡಿ, 2022–23ನೇ ಸಾಲಿನ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಯಾದ ಮಿತಿಯೊಳಗೆ, ಗರಿಷ್ಠ 200 ಯೂನಿಟ್‌ವರೆಗೆ ಬಳಸುವ ಮನೆಗಳಿಗೆ ಶೂನ್ಯ ಬಿಲ್ಲು ಬರುತ್ತದೆ. ಬಳಕೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಈ ಹಿನ್ನೆಲೆಯಲ್ಲಿ ಕುಟುಂಬಗಳನ್ನು ಮೂರು ಗುಂಪುಗಳಾಗಿ ನೋಡಬಹುದು.

ಅ) ಶೂನ್ಯ ಬಿಲ್ಲಿನ ಕುಟುಂಬ: ತಿಂಗಳಿಗೆ 50–60 ಯೂನಿಟ್ ಬಳಸುತ್ತ ಶೂನ್ಯ ಬಿಲ್ಲು ಪಡೆಯುತ್ತಿರುವ ಕುಟುಂಬಕ್ಕೆ ಆನ್‌ಗ್ರಿಡ್ ಘಟಕದಿಂದ ಉಳಿಸಲು ಹಣವೇ ಇಲ್ಲ. ಸಹಾಯಧನ ಕಳೆದ ಬಳಿಕವೂ ಕೈಯಿಂದ ಹಾಕುವ 40,000–70,000 ರೂ. ಬಿಲ್ಲಿನ ರೂಪದಲ್ಲಿ ಮರಳಿ ಬರುವುದಿಲ್ಲ. ಇಂತಹ ಕುಟುಂಬವು ಸಾಲ ಮಾಡಿ ಘಟಕ ಹಾಕಿಸುವುದು ಸೂಕ್ತವಲ್ಲ. ಕರೆಂಟು ಹೋದಾಗ ಬೆಳಕು ಬೇಕೆಂಬುದೇ ಅಗತ್ಯವಾಗಿದ್ದರೆ, ಸಣ್ಣ ಸೌರ ದೀಪ ವ್ಯವಸ್ಥೆ ಅಥವಾ ಒಂದು ಬ್ಯಾಟರಿಯ ಯು.ಪಿ.ಎಸ್. ಸಾಕಾಗುತ್ತದೆ.

ಆ) ಮಿತಿಯ ಆಸುಪಾಸಿನ ಕುಟುಂಬ: ಕೆಲವು ತಿಂಗಳು ಶೂನ್ಯ ಬಿಲ್ಲು, ಬೇಸಿಗೆಯಲ್ಲಿ ಮಾತ್ರ ಬಿಲ್ಲು ಬರುವ ಮನೆಗಳು ಕಳೆದ 12 ತಿಂಗಳಲ್ಲಿ ಒಟ್ಟು ಎಷ್ಟು ಹಣ ಕಟ್ಟಲಾಗಿದೆ ಎಂಬುದನ್ನು ಕೂಡಿಸಿ ನೋಡಬೇಕು. ನೆಟ್ ಮೀಟರ್ ಅಳವಡಿಸಿದ ಬಳಿಕ ಗೃಹಜ್ಯೋತಿ ಸೌಲಭ್ಯ ತಮ್ಮ ಸ್ಥಾವರಕ್ಕೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಎಸ್ಕಾಂ ಉಪವಿಭಾಗ ಕಚೇರಿಯಲ್ಲಿ ಮುಂಚಿತವಾಗಿ, ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು.

ಇ) ಪ್ರತಿ ತಿಂಗಳೂ ಬಿಲ್ಲು ಕಟ್ಟುವ ಕುಟುಂಬ: ತಿಂಗಳಿಗೆ 200 ಯೂನಿಟ್ ಮೀರಿ ಬಳಸುವ ಕೂಡುಕುಟುಂಬಗಳು, ಫ್ರಿಜ್, ಗೀಸರ್, ಹಿಟ್ಟಿನ ಗಿರಣಿ, ಮನೆಬಳಕೆಯ ನೀರೆತ್ತುವ ಮೋಟಾರು ಮುಂತಾದವನ್ನು ಮನೆಯ ಮೀಟರಿನಲ್ಲೇ ನಡೆಸುವ ಕುಟುಂಬಗಳು ಈ ಗುಂಪಿಗೆ ಸೇರುತ್ತವೆ. ಚಾವಣಿ ಘಟಕದ ನಿಜವಾದ ಲಾಭ ಇವರಿಗೇ ದೊರೆಯುತ್ತದೆ.

ಹಗಲು ವಿದ್ಯುತ್ ಇದೆಯೇ? ತೋಟದ ಮನೆಗಳಿಗೆ ವಿಶೇಷ ಸೂಚನೆ

ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಯೋಜನೆಯಡಿ ಪಂಪ್‌ಸೆಟ್‌ಗಳಿಂದ ಬೇರ್ಪಡಿಸಿದ ಮಾರ್ಗಗಳ ಮೂಲಕ ವಿದ್ಯುತ್ ಪೂರೈಕೆಯಾಗುತ್ತದೆ. ಆದರೆ ಹೊಲ–ತೋಟಗಳಲ್ಲಿರುವ ಎಷ್ಟೋ ಮನೆಗಳು ಇಂದಿಗೂ ಪಂಪ್‌ಸೆಟ್ ಮಾರ್ಗದಲ್ಲೇ ಇವೆ. ಅಲ್ಲಿ ತ್ರೀಫೇಸ್ ವಿದ್ಯುತ್ ಪಾಳಿಯ ಪ್ರಕಾರ ಕೆಲವು ಗಂಟೆ ಮಾತ್ರ ದೊರೆಯುತ್ತದೆ. ಸಿಂಗಲ್‌ಫೇಸ್ ವಿದ್ಯುತ್ ಹೆಚ್ಚಾಗಿ ಸಂಜೆಯಿಂದ ಬೆಳಗಿನವರೆಗೆ ಇರುತ್ತದೆ.

ಸೌರ ಫಲಕ ಕೆಲಸ ಮಾಡುವುದು ಹಗಲಿನಲ್ಲಿ; ಆನ್‌ಗ್ರಿಡ್ ಇನ್ವರ್ಟರ್ ಕೆಲಸ ಮಾಡುವುದು ಜಾಲದಲ್ಲಿ ವಿದ್ಯುತ್ ಇದ್ದಾಗ. ಹಗಲು ವಿದ್ಯುತ್ ಇಲ್ಲದ ಮಾರ್ಗದಲ್ಲಿ ಈ ಎರಡೂ ಕೂಡಿಬರುವುದಿಲ್ಲ. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ದಿನದ ಹೆಚ್ಚಿನ ಉತ್ಪಾದನೆ ನಡೆಯುವುದರಿಂದ, ಈ ಅವಧಿಯಲ್ಲಿ ಮೂರು ಗಂಟೆ ವಿದ್ಯುತ್ ಇಲ್ಲದಿದ್ದರೆ ಉತ್ಪಾದನೆಯ ಅರ್ಧದಷ್ಟು ನಷ್ಟವಾಗಬಹುದು. ಆದ್ದರಿಂದ ತೋಟದ ಮನೆಯವರು ಕನಿಷ್ಠ 15 ದಿನ, ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ವಿದ್ಯುತ್ ಬಂದ–ಹೋದ ವೇಳೆಯನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಹಗಲಿನಲ್ಲಿ ದಿನವೂ ಎರಡು–ಮೂರು ಗಂಟೆಗೂ ಹೆಚ್ಚು ಕಡಿತವಿದ್ದರೆ ಆನ್‌ಗ್ರಿಡ್ ಘಟಕದ ಯೋಚನೆಯನ್ನು ಕೈಬಿಟ್ಟು ಹೈಬ್ರಿಡ್ ಅಥವಾ ಸಣ್ಣ ಆಫ್‌ಗ್ರಿಡ್ ಘಟಕವನ್ನು ಪರಿಗಣಿಸಬೇಕು.

ನೀರಾವರಿ ಪಂಪ್‌ಸೆಟ್‌ಗೆ ಸೌರಶಕ್ತಿ ಬಳಸುವ ವಿಷಯವೇ ಬೇರೆ. ಅದಕ್ಕೆ ಪಿಎಂ–ಕುಸುಮ್ ಬಿ ಯೋಜನೆಯಿದ್ದು, ಅರ್ಜಿಯೂ ಸಹಾಯಧನವೂ ಪ್ರತ್ಯೇಕವಾಗಿವೆ. ಮನೆಯ ಚಾವಣಿ ಘಟಕದಿಂದ ಕೊಳವೆಬಾವಿಯ ಪಂಪನ್ನು ನಡೆಸಬಹುದೆಂಬ ಭರವಸೆಯನ್ನು ನಂಬಬಾರದು.

ಎಷ್ಟು ಸಾಮರ್ಥ್ಯ ಬೇಕು?

ಕರ್ನಾಟಕದ ಬಿಸಿಲಿನಲ್ಲಿ 1 ಕಿಲೋವ್ಯಾಟ್ ಘಟಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ತಿಂಗಳಿಗೆ 110ರಿಂದ 120 ಯೂನಿಟ್ ವಿದ್ಯುತ್ ನೀಡುತ್ತದೆ. ಫೆಬ್ರುವರಿಯಿಂದ ಮೇವರೆಗೆ ಉತ್ಪಾದನೆ ಹೆಚ್ಚು. ಜೂನ್‌ನಿಂದ ಆಗಸ್ಟ್‌ವರೆಗೆ, ವಿಶೇಷವಾಗಿ ಮಲೆನಾಡು ಮತ್ತು ಕರಾವಳಿಯಲ್ಲಿ, ಬಹಳ ಕಡಿಮೆ. ಪ್ರತಿ ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು.

ಯೋಜನೆಯ ಮಾರ್ಗಸೂಚಿಯಂತೆ ಮಾಸಿಕ ಬಳಕೆಗೆ ಹೊಂದುವ ಸಾಮರ್ಥ್ಯ ಹೀಗಿದೆ:

• 150 ಯೂನಿಟ್‌ವರೆಗೆ: 1ರಿಂದ 2 ಕಿಲೋವ್ಯಾಟ್
• 150ರಿಂದ 300 ಯೂನಿಟ್: 2ರಿಂದ 3 ಕಿಲೋವ್ಯಾಟ್
• 300 ಯೂನಿಟ್‌ಗಿಂತ ಹೆಚ್ಚು: 3 ಕಿಲೋವ್ಯಾಟ್ ಮೇಲ್ಪಟ್ಟು

ಅಗತ್ಯಕ್ಕಿಂತ ದೊಡ್ಡ ಘಟಕ ಹಾಕಿಸಿ ವಿದ್ಯುತ್ ಮಾರಿ ಲಾಭ ಗಳಿಸಬಹುದೆಂಬ ಎಣಿಕೆ ಸರಿಯಲ್ಲ. ಸಹಾಯಧನ ಪಡೆದ ಘಟಕದ ಹೆಚ್ಚುವರಿ ಯೂನಿಟ್‌ಗೆ ಎಸ್ಕಾಂ ನೀಡುವ ದರವು ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ.

ಅಂದಾಜು ವೆಚ್ಚ

ಸಹಾಯಧನಕ್ಕೆ ದೇಶೀಯವಾಗಿ ತಯಾರಾದ ಸೆಲ್‌ಗಳಿಂದ ಮಾಡಿದ ಫಲಕಗಳನ್ನೇ ಬಳಸಬೇಕು. ಇವನ್ನು ಡಿ.ಸಿ.ಆರ್. ಫಲಕಗಳೆಂದು ಕರೆಯುತ್ತಾರೆ. ಸಮತಟ್ಟಾದ ಆರ್.ಸಿ.ಸಿ. ಚಾವಣಿಯ ಮೇಲೆ, ಡಿ.ಸಿ.ಆರ್. ಫಲಕ, ಇನ್ವರ್ಟರ್, ಚೌಕಟ್ಟು, ತಂತಿ, ಅರ್ಥಿಂಗ್ ಮತ್ತು ಜೋಡಣೆ ಸೇರಿ ಆನ್‌ಗ್ರಿಡ್ ಘಟಕಕ್ಕೆ 2025ರ ಸುಮಾರಿನ ಮಾರುಕಟ್ಟೆ ದರದಂತೆ ತಗಲುವ ಅಂದಾಜು ವೆಚ್ಚ, ಸಹಾಯಧನ ಹಾಗೂ ಕುಟುಂಬದ ಪಾಲು ಹೀಗಿವೆ:

• 1 ಕಿಲೋವ್ಯಾಟ್: ವೆಚ್ಚ 65,000–80,000 ರೂ.; ಸಹಾಯಧನ 30,000 ರೂ.; ಕುಟುಂಬದ ಪಾಲು 35,000–50,000 ರೂ.
• 2 ಕಿಲೋವ್ಯಾಟ್: ವೆಚ್ಚ 1,20,000–1,50,000 ರೂ.; ಸಹಾಯಧನ 60,000 ರೂ.; ಕುಟುಂಬದ ಪಾಲು 60,000–90,000 ರೂ.
• 3 ಕಿಲೋವ್ಯಾಟ್: ವೆಚ್ಚ 1,70,000–2,10,000 ರೂ.; ಸಹಾಯಧನ 78,000 ರೂ.; ಕುಟುಂಬದ ಪಾಲು 92,000–1,32,000 ರೂ.
• 5 ಕಿಲೋವ್ಯಾಟ್: ವೆಚ್ಚ 2,70,000–3,30,000 ರೂ.; ಸಹಾಯಧನ 78,000 ರೂ.; ಕುಟುಂಬದ ಪಾಲು 1,92,000–2,52,000 ರೂ.

ಸಹಾಯಧನವು 3 ಕಿಲೋವ್ಯಾಟಿಗೆ ನಿಲ್ಲುತ್ತದೆ. ಅದಕ್ಕೂ ಮೇಲಿನ ಪ್ರತಿ ಕಿಲೋವ್ಯಾಟಿನ ಪೂರ್ಣ ವೆಚ್ಚ ಕುಟುಂಬದ್ದೇ. 2025ರ ಸೆಪ್ಟೆಂಬರ್ 22ರಿಂದ ಸೌರ ಫಲಕ ಮತ್ತು ಉಪಕರಣಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ದರಪಟ್ಟಿಯಲ್ಲಿ ಹಳೆಯ ತೆರಿಗೆಯನ್ನೇ ಹಾಕಿದ್ದರೆ ಪ್ರಶ್ನಿಸಬೇಕು.

ಬ್ಯಾಟರಿಯ ವೆಚ್ಚ: 150 ಆಂಪಿಯರ್–ಅವರ್ ಸಾಮರ್ಥ್ಯದ ಒಂದು ಟ್ಯೂಬ್ಯುಲರ್ ಬ್ಯಾಟರಿಗೆ ಸುಮಾರು 14,000–20,000 ರೂ. ಆಗುತ್ತದೆ. ಬಾಳಿಕೆ ಸಾಮಾನ್ಯವಾಗಿ 4ರಿಂದ 6 ವರ್ಷ. ಕಾಲಕಾಲಕ್ಕೆ ಬಟ್ಟಿ ಇಳಿಸಿದ ನೀರು ಹಾಕಬೇಕು. ಲಿಥಿಯಂ ಬ್ಯಾಟರಿಗಳು ಹೆಚ್ಚು ಬಾಳುತ್ತವೆ, ಬೆಲೆಯೂ ಹೆಚ್ಚು.

ಚಾವಣಿಗೆ ಅನುಗುಣವಾಗಿ ಬರುವ ಹೆಚ್ಚುವರಿ ಖರ್ಚು

• ಆರ್.ಸಿ.ಸಿ. ಚಾವಣಿ: ಅತ್ಯಂತ ಸೂಕ್ತ. ಕಾಳು, ಮೆಣಸಿನಕಾಯಿ, ಅಡಿಕೆ ಒಣಗಿಸಲು ಚಾವಣಿ ಬೇಕಾಗುವುದರಿಂದ ಫಲಕಗಳ ಅಡಿಯಲ್ಲಿ ಓಡಾಡುವಷ್ಟು ಎತ್ತರದ ಚೌಕಟ್ಟು ಬೇಕೆನಿಸಿದರೆ ಕಬ್ಬಿಣದ ಖರ್ಚು ಏರುತ್ತದೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡವೂ ಹೆಚ್ಚುವುದರಿಂದ ಬುನಾದಿ ಬಲವಾಗಿರಬೇಕು.
• ತಗಡಿನ ಚಾವಣಿ: ಕೆಳಗಿನ ಕಬ್ಬಿಣದ ಅಡ್ಡಪಟ್ಟಿಗಳಿಗೆ ಚೌಕಟ್ಟನ್ನು ಬಿಗಿಯಬೇಕು, ಬರಿಯ ತಗಡಿಗೆ ಬಿಗಿಯಬಾರದು. ತೂತು ಹಾಕಿದ ಜಾಗದಲ್ಲಿ ಸೋರದಂತೆ ರಬ್ಬರ್ ವಾಷರ್ ಮತ್ತು ಸೀಲಂಟ್ ಬಳಸಬೇಕು.
• ಮಂಗಳೂರು ಹೆಂಚು: ಹೆಂಚನ್ನು ತೆಗೆದು ಕೆಳಗಿನ ಮರದ ತೊಲೆಗಳಿಗೆ ಕೊಕ್ಕೆ ಜೋಡಿಸಬೇಕಾಗುತ್ತದೆ. ಹಳೆಯ ಮರವಾಗಿದ್ದರೆ ಗೆದ್ದಲು, ಲಡ್ಡುಗಳನ್ನು ಮೊದಲು ಪರೀಕ್ಷಿಸಬೇಕು.
• ಸಿಮೆಂಟ್ ಶೀಟು ಮತ್ತು ಮಣ್ಣಿನ ಮಾಳಿಗೆ: ಇವು ಭಾರ ಹೊರಲು ಸೂಕ್ತವಲ್ಲ. ಇಂತಹ ಕಡೆ ಮನೆಯ ಪಕ್ಕದ ಅಂಗಳದಲ್ಲಿ ಅಥವಾ ಕೊಟ್ಟಿಗೆಯ ಬಳಿ ಪ್ರತ್ಯೇಕ ಕಂಬಗಳ ಮೇಲೆ ಘಟಕ ಕೂರಿಸಲು ಸಾಧ್ಯವೇ, ಅದು ಸಹಾಯಧನಕ್ಕೆ ಅರ್ಹವೇ ಎಂಬುದನ್ನು ಮೊದಲೇ ವಿಚಾರಿಸಬೇಕು.

ಫಲಕಗಳು ದಕ್ಷಿಣಕ್ಕೆ ಮುಖಮಾಡಿರಬೇಕು. ವಾಲುವಿಕೆ ಆಯಾ ಊರಿನ ಅಕ್ಷಾಂಶದಷ್ಟಿದ್ದರೆ ಸಾಕು. ಮೈಸೂರಿನ ಕಡೆ ಸುಮಾರು 12 ಡಿಗ್ರಿ, ಬೀದರಿನ ಕಡೆ ಸುಮಾರು 18 ಡಿಗ್ರಿ. ತೆಂಗು, ಸಿಲ್ವರ್ ಓಕ್, ನೀರಿನ ಟ್ಯಾಂಕುಗಳ ನೆರಳು ಬೀಳಬಾರದು. ಸಾಲಿನಲ್ಲಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ, ಪೈಪಿನ ಒಂದು ಕಡೆ ಮಡಿಕೆ ಬಿದ್ದಾಗ ಇಡೀ ಹರಿವು ತಗ್ಗುವಂತೆ, ಸಾಲಿನ ಒಟ್ಟು ಉತ್ಪಾದನೆ ತಗ್ಗುತ್ತದೆ.

ಹಣ ಎಷ್ಟು ವರ್ಷಕ್ಕೆ ಮರಳುತ್ತದೆ? ಒಂದು ಮಾದರಿ ಲೆಕ್ಕ

ತಿಂಗಳಿಗೆ 300 ಯೂನಿಟ್ ಬಳಸಿ ಪೂರ್ಣ ಬಿಲ್ಲು ಕಟ್ಟುವ ಕುಟುಂಬವನ್ನು ತೆಗೆದುಕೊಳ್ಳೋಣ. ರಾಜ್ಯದಲ್ಲಿ 2025–26ನೇ ಸಾಲಿನ ಗೃಹಬಳಕೆಯ ದರ ಯೂನಿಟ್‌ಗೆ 5 ರೂ. 80 ಪೈಸೆ. ಇದರ ಮೇಲೆ ತೆರಿಗೆ ಮುಂತಾದವು ಸೇರುತ್ತವೆ. ಲೆಕ್ಕಕ್ಕಾಗಿ ಉಳಿತಾಯವನ್ನು ಯೂನಿಟ್‌ಗೆ 6 ರೂ. ಎಂದೂ, ಜಾಲಕ್ಕೆ ನೀಡುವ ಹೆಚ್ಚುವರಿ ಯೂನಿಟ್‌ಗೆ 2 ರೂ. 50 ಪೈಸೆ ಎಂದೂ, 1 ಕಿಲೋವ್ಯಾಟಿನ ಮಾಸಿಕ ಉತ್ಪಾದನೆಯನ್ನು 115 ಯೂನಿಟ್ ಎಂದೂ ಇಟ್ಟುಕೊಳ್ಳಲಾಗಿದೆ.

• 2 ಕಿಲೋವ್ಯಾಟ್: ವೆಚ್ಚ 1,30,000 ರೂ.; ಕುಟುಂಬದ ಪಾಲು 70,000 ರೂ. ಉತ್ಪಾದನೆ 230 ಯೂನಿಟ್. ಮಾಸಿಕ ಉಳಿತಾಯ 1,380 ರೂ. ಹಣ ಮರಳುವ ಅವಧಿ ಸುಮಾರು 4 ವರ್ಷ 3 ತಿಂಗಳು.
• 3 ಕಿಲೋವ್ಯಾಟ್: ವೆಚ್ಚ 1,90,000 ರೂ.; ಕುಟುಂಬದ ಪಾಲು 1,12,000 ರೂ. ಉತ್ಪಾದನೆ 345 ಯೂನಿಟ್. ಉಳಿತಾಯ ಮತ್ತು ಮಾರಾಟ ಸೇರಿ ತಿಂಗಳಿಗೆ ಸುಮಾರು 1,910 ರೂ. ಅವಧಿ ಸುಮಾರು 5 ವರ್ಷ.
• 5 ಕಿಲೋವ್ಯಾಟ್: ವೆಚ್ಚ 3,00,000 ರೂ.; ಕುಟುಂಬದ ಪಾಲು 2,22,000 ರೂ. ಉತ್ಪಾದನೆ 575 ಯೂನಿಟ್. ಉಳಿತಾಯ ಮತ್ತು ಮಾರಾಟ ಸೇರಿ ತಿಂಗಳಿಗೆ ಸುಮಾರು 2,490 ರೂ. ಅವಧಿ ಸುಮಾರು 7 ವರ್ಷ 5 ತಿಂಗಳು.

ಬಳಕೆಗಿಂತ ತುಸು ಚಿಕ್ಕದಾದ ಘಟಕವೇ ಬೇಗ ಹಣ ಮರಳಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಲೆಕ್ಕದಲ್ಲಿ ಇನ್ನೆರಡು ಅಂಶಗಳನ್ನು ಸೇರಿಸಿಕೊಳ್ಳಬೇಕು. ಮೊದಲನೆಯದಾಗಿ, ನಿಗದಿತ ಶುಲ್ಕವು ಸೌರ ಘಟಕದಿಂದ ಕಡಿಮೆಯಾಗುವುದಿಲ್ಲ. 2025–26ರಲ್ಲಿ ಇದು ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂ. ಇದೆ. ಘಟಕಕ್ಕೆ ಹೊಂದುವಂತೆ ಮಂಜೂರಾದ ಲೋಡನ್ನು ಏರಿಸಬೇಕಾದರೆ ಈ ಶುಲ್ಕವೂ ಏರುತ್ತದೆ. ಎರಡನೆಯದಾಗಿ, ಫಲಕಗಳು 25 ವರ್ಷ ಬಾಳಿದರೂ ಇನ್ವರ್ಟರನ್ನು 10–12 ವರ್ಷಗಳಲ್ಲಿ ಒಮ್ಮೆ ಬದಲಿಸಬೇಕಾಗಬಹುದು. ಇದಕ್ಕಾಗಿ ತಿಂಗಳಿಗೆ 300 ರೂ. ತೆಗೆದಿಟ್ಟರೆ ಹತ್ತು ವರ್ಷಗಳಲ್ಲಿ 36,000 ರೂ. ಕೂಡುತ್ತದೆ.

ಸಹಾಯಧನ ಮತ್ತು ಸಾಲ

ಯೋಜನೆಯ ಹೆಸರಿನಲ್ಲಿರುವ ‘ಮುಫ್ತ್’ ಎಂಬ ಪದದಿಂದ ಘಟಕವನ್ನು ಉಚಿತವಾಗಿ ಕೊಡುತ್ತಾರೆಂದು ತಿಳಿಯಬಾರದು. ಘಟಕ ಚಾಲನೆಗೊಂಡ ನಂತರ ಸಹಾಯಧನವು ನೇರವಾಗಿ ಗ್ರಾಹಕರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅಲ್ಲಿಯವರೆಗೆ ಪೂರ್ಣ ಮೊತ್ತವನ್ನು ಕುಟುಂಬವೇ ಹೊಂದಿಸಬೇಕು. ಬೆಳೆ ಮಾರಾಟದ ಹಣ ಕೈಗೆ ಬರುವ ಕಾಲವನ್ನು ನೋಡಿಕೊಂಡು ಅರ್ಜಿ ಹಾಕುವುದು ಒಳಿತು.

ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ 3 ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ಅಡಮಾನವಿಲ್ಲದೆ ಕಡಿಮೆ ಬಡ್ಡಿಯ ಸಾಲ ದೊರೆಯುತ್ತದೆ. ಶೇ. 7ರ ಬಡ್ಡಿಯಲ್ಲಿ 1,12,000 ರೂ. ಸಾಲಕ್ಕೆ 10 ವರ್ಷದ ಅವಧಿಯಾದರೆ ಮಾಸಿಕ ಕಂತು ಸುಮಾರು 1,300 ರೂ., 5 ವರ್ಷದ ಅವಧಿಯಾದರೆ ಸುಮಾರು 2,220 ರೂ. ಆಗುತ್ತದೆ. ಮೇಲಿನ ಕುಟುಂಬಕ್ಕೆ ಮೊದಲನೆಯದು ಉಳಿತಾಯದೊಳಗೇ ತೀರುತ್ತದೆ. ಎರಡನೆಯದಕ್ಕೆ ಕೈಯಿಂದ ಸೇರಿಸಬೇಕಾಗುತ್ತದೆ. ಬೆಳೆ ಸಾಲದ ಹಣವನ್ನು ಈ ಕೆಲಸಕ್ಕೆ ತಿರುಗಿಸಬಾರದು.

ಅರ್ಜಿ ಸಲ್ಲಿಸುವ ಕ್ರಮ

1. ಪಿಎಂ ಸೂರ್ಯಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಮೊಬೈಲ್ ಸಂಖ್ಯೆ ಮತ್ತು ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆ ನೀಡಿ ನೋಂದಾಯಿಸಬೇಕು.
2. ಪೋರ್ಟಲ್‌ನಲ್ಲಿ ನೋಂದಾಯಿತರಾದ ಮಾರಾಟಗಾರರಲ್ಲಿ ಕನಿಷ್ಠ ಮೂವರಿಂದ ಲಿಖಿತ ದರಪಟ್ಟಿ ಪಡೆಯಬೇಕು.
3. ಒಬ್ಬರನ್ನು ಆಯ್ದು ಒಪ್ಪಂದ ಮಾಡಿಕೊಂಡು ಘಟಕ ಅಳವಡಿಸಬೇಕು.
4. ಎಸ್ಕಾಂ ಸಿಬ್ಬಂದಿ ಪರಿಶೀಲಿಸಿ ನೆಟ್ ಮೀಟರ್ ಅಳವಡಿಸಿದ ಬಳಿಕ ಚಾಲನಾ ಪ್ರಮಾಣಪತ್ರ ದೊರೆಯುತ್ತದೆ.
5. ಬ್ಯಾಂಕ್ ಖಾತೆಯ ವಿವರ ಸಲ್ಲಿಸಿದ ನಂತರ ಸಹಾಯಧನ ಜಮೆಯಾಗುತ್ತದೆ.

10 ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ಪ್ರತ್ಯೇಕ ತಾಂತ್ರಿಕ ಸಾಧ್ಯತಾ ಪರಿಶೀಲನೆ ಬೇಕಿಲ್ಲವೆಂದು 2024ರಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಹೇಳುತ್ತವೆ.

ಹಳ್ಳಿಗಳಲ್ಲಿ ಕೆಲಸ ನಿಲ್ಲುವುದು ಹೆಚ್ಚಾಗಿ ದಾಖಲೆಯ ಬಳಿ. ಆರ್.ಆರ್. ಸಂಖ್ಯೆ ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲೇ ಇರುತ್ತದೆ. ಜಮೀನಿಗೆ ಪೌತಿ ಖಾತೆ ಮಾಡಿಸುವಂತೆ ವಿದ್ಯುತ್ ಸ್ಥಾವರದ ಹೆಸರನ್ನೂ ಮೊದಲು ಬದಲಾಯಿಸಿಕೊಳ್ಳಬೇಕು. ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ವಿದ್ಯುತ್ ಬಿಲ್ಲುಗಳಲ್ಲಿ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಳ್ಳಬೇಕು. ಮನೆಯ ಒಡೆತನಕ್ಕೆ ಗ್ರಾಮ ಪಂಚಾಯಿತಿಯ ಇ–ಸ್ವತ್ತು ದಾಖಲೆ, ತೆರಿಗೆ ರಸೀದಿಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ದರಪಟ್ಟಿಯಲ್ಲಿ ಪರಿಶೀಲಿಸಬೇಕಾದ ಅಂಶಗಳು

• ಫಲಕಗಳ ಸಂಖ್ಯೆ, ಪ್ರತಿಯೊಂದರ ವ್ಯಾಟ್, ಡಿ.ಸಿ.ಆರ್. ಎಂಬ ಸ್ಪಷ್ಟ ನಮೂದು.
• ಇನ್ವರ್ಟರ್‌ನ ಸಾಮರ್ಥ್ಯ ಮತ್ತು ಖಾತರಿಯ ವರ್ಷಗಳು.
• ಚೌಕಟ್ಟು ಗ್ಯಾಲ್ವನೈಸ್ ಮಾಡಿದ್ದೇ ಅಥವಾ ಬರಿಯ ಬಣ್ಣ ಬಳಿದದ್ದೇ ಎಂಬ ವಿವರ. ಕರಾವಳಿಯಲ್ಲಿ ಬರಿಯ ಬಣ್ಣದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.
• ಡಿ.ಸಿ. ಭಾಗ, ಎ.ಸಿ. ಭಾಗ ಮತ್ತು ಸಿಡಿಲು ನಿರೋಧಕ ಇವು ಮೂರಕ್ಕೂ ಪ್ರತ್ಯೇಕ ಅರ್ಥಿಂಗ್ ಗುಂಡಿ. ಸಿಡಿಲಿನ ಹೊಡೆತ ಹೆಚ್ಚಿರುವ ಬಯಲುಸೀಮೆಯ ಒಂಟಿ ಮನೆಗಳಲ್ಲಿ ಇದನ್ನು ಎಂದಿಗೂ ಕೈಬಿಡಬಾರದು.
• ನೆಟ್ ಮೀಟರ್, ಎಸ್ಕಾಂ ಶುಲ್ಕ, ಸಾಗಣೆ, ಜಿ.ಎಸ್.ಟಿ. ಇವು ಮೊತ್ತದಲ್ಲಿ ಸೇರಿವೆಯೇ ಎಂಬುದು.
• ಐದು ವರ್ಷಗಳ ಉಚಿತ ನಿರ್ವಹಣೆಯ ಲಿಖಿತ ಭರವಸೆ. ಯೋಜನೆಯಡಿ ಇದು ಮಾರಾಟಗಾರರ ಹೊಣೆ.

ಪೂರ್ಣ ಹಣವನ್ನು ಮುಂಗಡವಾಗಿ ಕೇಳುವವರು, ‘ಸಹಾಯಧನ ನಮ್ಮ ಖಾತೆಗೆ ಬರಲಿ’ ಎನ್ನುವವರು, ಒ.ಟಿ.ಪಿ. ಕೇಳುವವರು ಇವರ ಬಗ್ಗೆ ಎಚ್ಚರದಿಂದಿರಬೇಕು. ಹಣವನ್ನು ಬ್ಯಾಂಕಿನ ಮೂಲಕವೇ, ಕೆಲಸ ಮುಂದುವರಿದಂತೆ ಕಂತುಗಳಲ್ಲಿ ಪಾವತಿಸಿ ರಸೀದಿ ಪಡೆಯಬೇಕು. ಕೊನೆಯ ಕಂತನ್ನು ನೆಟ್ ಮೀಟರ್ ಅಳವಡಿಕೆಯ ನಂತರಕ್ಕೆ ಉಳಿಸಿಕೊಳ್ಳುವುದು ಉತ್ತಮ.

ನಿರ್ವಹಣೆ

ಒಕ್ಕಣೆಯ ದೂಳು, ಕೆಮ್ಮಣ್ಣು ಮತ್ತು ಹಕ್ಕಿಗಳ ಹಿಕ್ಕೆ ಫಲಕದ ಮೇಲೆ ಕುಳಿತರೆ ಉತ್ಪಾದನೆ ಕುಗ್ಗುತ್ತದೆ. ಬೇಸಿಗೆಯಲ್ಲಿ 10–15 ದಿನಕ್ಕೊಮ್ಮೆ, ಬೆಳಗಿನ ಜಾವ ಅಥವಾ ಸಂಜೆ ಫಲಕ ತಣ್ಣಗಿರುವಾಗ ಮೆತ್ತನೆಯ ಬಟ್ಟೆ ಮತ್ತು ನೀರಿನಿಂದ ತೊಳೆಯಬೇಕು. ಕಾದ ಫಲಕದ ಮೇಲೆ ತಣ್ಣೀರು ಸುರಿಯಬಾರದು. ಗಡುಸಾದ ಕೊಳವೆಬಾವಿ ನೀರು ಒಣಗಿದರೆ ಬಿಳಿ ಕಲೆ ಉಳಿಯುವುದರಿಂದ ಕೂಡಲೇ ಒರೆಸಬೇಕು ಅಥವಾ ಸಂಗ್ರಹಿಸಿದ ಮಳೆನೀರನ್ನು ಬಳಸಬೇಕು. ಸೋಪಿನ ಪುಡಿ, ತಂತಿ ಬ್ರಷ್ ಸಲ್ಲದು. ಪ್ರತಿ ತಿಂಗಳ ಉತ್ಪಾದನೆಯನ್ನು ಬರೆದಿಟ್ಟು ಹಿಂದಿನ ವರ್ಷದ ಅದೇ ತಿಂಗಳೊಂದಿಗೆ ಹೋಲಿಸಿದರೆ ದೋಷ ಬೇಗ ಗೊತ್ತಾಗುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ

ಗ್ರಾಮಸಭೆ ಮತ್ತು ತರಬೇತಿಗಳಲ್ಲಿ ಘಟಕದ ಬೆಲೆಯನ್ನು ಹೇಳುವ ಮೊದಲು ಕುಟುಂಬದ 12 ತಿಂಗಳ ಬಿಲ್ಲುಗಳನ್ನು ತರಿಸಿ ನೋಡುವುದು ಸೂಕ್ತ. ಶೂನ್ಯ ಬಿಲ್ಲಿನವರಿಗೆ ‘ಈಗ ಬೇಡ’ ಎಂದು ಹೇಳುವುದೂ ಉತ್ತಮ ಸಲಹೆಯೇ. ಪ್ರತಿ ತಿಂಗಳೂ ಬಿಲ್ಲು ಕಟ್ಟುವ, ಹಗಲು ವಿದ್ಯುತ್ ಇರುವ, ನೆರಳಿಲ್ಲದ ಗಟ್ಟಿ ಚಾವಣಿಯುಳ್ಳ ಕುಟುಂಬಕ್ಕೆ 2ರಿಂದ 3 ಕಿಲೋವ್ಯಾಟ್ ಘಟಕವು ನಾಲ್ಕೈದು ವರ್ಷಗಳಲ್ಲಿ ಹಣ ಮರಳಿಸಿ, ಮುಂದಿನ ಎರಡು ದಶಕ ನೆರವಾಗುವ ಹೂಡಿಕೆಯಾಗಿದೆ. ಯೋಜನೆಯು 2026–27ನೇ ಸಾಲಿನವರೆಗೆ ಜಾರಿಯಲ್ಲಿರುವುದರಿಂದ ಅರ್ಹರು ದಾಖಲೆಗಳನ್ನು ಸರಿಪಡಿಸಿಕೊಂಡು ಅರ್ಜಿ ಸಲ್ಲಿಸಬಹುದು. ದರ ಮತ್ತು ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹಣ ಕಟ್ಟುವ ಮೊದಲು ಸಮೀಪದ ಎಸ್ಕಾಂ ಉಪವಿಭಾಗ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು.